ಕಟ್ಟಡಕ್ಕೆ ಹೆಸರಿದೆ, ಮುಂದೆ ನಿಂತವರಿಗಿಲ್ಲ: ಹಳೆಯ ನಗರದ ಫೋಟೋಗಳನ್ನು ಓದುವುದು ಹೇಗೆ?

ಬೆಳಕಿಂಡಿ

ಹತ್ತೊಂಬತ್ತನೆಯ ಶತಮಾನದ ನಗರಗಳ ಫೋಟೋಗಳಲ್ಲಿ ಒಂದು ಸಂಗತಿ ನನ್ನನ್ನು ಬಹಳ ಕಾಲದಿಂದ ಕಾಡುತ್ತಿದೆ. ಅಡಿಬರಹದಲ್ಲಿ ಕಟ್ಟಡದ ಹೆಸರಿರುತ್ತದೆ, ಬೀದಿಯ ಹೆಸರಿರುತ್ತದೆ, ಫೋಟೋ ತೆಗೆದವರ ಹೆಸರಂತೂ ಇದ್ದೇ ಇರುತ್ತದೆ. ಅದೇ ಕಟ್ಟಡದ ಮೆಟ್ಟಿಲ ಮೇಲೆ ನಿಂತು ಕ್ಯಾಮೆರಾವನ್ನೇ ದಿಟ್ಟಿಸುತ್ತಿರುವ ಮನುಷ್ಯನ ಬಗ್ಗೆ ಒಂದಕ್ಷರವೂ ಇರುವುದಿಲ್ಲ. ಕಂಬದ ಎತ್ತರ ತಿಳಿಯಲಿ ಎಂದು ಅವನನ್ನು ಅಲ್ಲಿ ನಿಲ್ಲಿಸಿರುತ್ತಾರೆ. ಅಳತೆಗೋಲಿಗೆ ಹೆಸರು ಯಾರು ಕೇಳುತ್ತಾರೆ?

ಇನ್ನೊಂದೆಡೆ ಹಗಲು ಹೊತ್ತಿನ ದೊಡ್ಡ ಬೀದಿಗಳು ಬಿಕೋ ಎನ್ನುತ್ತಿರುತ್ತವೆ. ಲಕ್ಷಾಂತರ ಜನ ಬದುಕಿದ್ದ ನಗರವೇ ಇದು ಎಂದು ಅನುಮಾನ ಬರುವಷ್ಟು ಖಾಲಿ. ತಿಳಿದವರಲ್ಲಿ ನನ್ನ ಪ್ರಶ್ನೆ ಎರಡು. ಈ ಖಾಲಿತನ ಎಲ್ಲಿಂದ ಬಂತು? ಹೆಸರಿಲ್ಲದೆ ನಿಂತವರ ಬಗ್ಗೆ ಫೋಟೋದಿಂದಲೇ ಏನನ್ನಾದರೂ ತಿಳಿಯಲು ಸಾಧ್ಯವೇ?

ಕತ್ತಲೆಕೋಣೆ

ಮೊದಲ ಪ್ರಶ್ನೆಗೆ ಉತ್ತರ ರಸಾಯನದಲ್ಲಿದೆ. 1838ರಲ್ಲಿ, ಛಾಯಾಗ್ರಹಣದ ಆದ್ಯರಲ್ಲೊಬ್ಬನಾದ ದಾಗೆರ್ ಪ್ಯಾರಿಸ್ಸಿನ ಬುಲೆವಾರ್ ದು ತಾಂಪ್ಲ್ ಎಂಬ ಬೀದಿಯನ್ನು ಮೇಲಿನ ಕಿಟಕಿಯಿಂದ ತೆಗೆದ ಚಿತ್ರವನ್ನು ನೋಡಿ. ಗಾಡಿ, ಕುದುರೆ, ಜನರಿಂದ ಗಿಜಿಗುಡುತ್ತಿದ್ದ ಬೀದಿ ಅದು. ಚಿತ್ರದಲ್ಲಿ ಸಾಲುಮರಗಳಿವೆ, ಮನೆಗಳ ಹೊಗೆಕೊಳವೆಗಳಿವೆ, ಕಲ್ಲು ಹಾಸಿದ ರಸ್ತೆ ಇದೆ, ಜನರಿಲ್ಲ. ಬೆಳಕು ತಟ್ಟೆಯ ಮೇಲೆ ಹಲವು ನಿಮಿಷ ಬೀಳಬೇಕಿತ್ತು. ಅಷ್ಟು ಹೊತ್ತು ಒಂದೆಡೆ ನಿಲ್ಲದ ಯಾವುದೂ ಅದರಲ್ಲಿ ಉಳಿಯಲಿಲ್ಲ.

ಕೆಳಗಿನ ಎಡಮೂಲೆಯಲ್ಲಿ ಮಾತ್ರ ಒಬ್ಬ ಮನುಷ್ಯ ಉಳಿದಿದ್ದಾನೆ. ಒಂದು ಕಾಲು ಎತ್ತಿ ಬೂಟಿಗೆ ಪಾಲಿಶ್ ಹಾಕಿಸಿಕೊಳ್ಳುತ್ತಿದ್ದಾನೆ. ಫೋಟೋದಲ್ಲಿ ಸಿಕ್ಕ ಮೊದಲ ಮನುಷ್ಯ ಎಂದು ಸಾಮಾನ್ಯವಾಗಿ ಹೇಳುವುದು ಇವನನ್ನೇ. ಹತ್ತಿರದಿಂದ ನೋಡಿದರೆ ಅವನ ಕಾಲು, ಸೊಂಟ, ತಲೆ ಬೇರೆಬೇರೆಯಾಗಿ ಗುರುತಿಸಬಹುದು. ಪಾಲಿಶ್ ಹಾಕುತ್ತಿರುವವನು ಅವನ ಮುಂದೆ ಕಲೆಸಿದ ಒಂದು ಕಪ್ಪು ಗುರುತು, ಅಷ್ಟೇ.

ಬೀದಿಬದಿ

ಕತ್ತಲೆಕೋಣೆ ಅವರು ಹೇಳಿದ ಕೊನೆಯ ಮಾತನ್ನು ಇನ್ನಷ್ಟು ಎಳೆಯಬೇಕು ಅನಿಸುತ್ತದೆ. ಸೇವೆ ಪಡೆಯುತ್ತಿದ್ದವನು ಸ್ಪಷ್ಟ, ಕೈ ಆಡಿಸುತ್ತಿದ್ದವನು ಅಸ್ಪಷ್ಟ. ಇದು ಆ ಒಂದು ಚಿತ್ರದ ಆಕಸ್ಮಿಕವಲ್ಲ. ನಿಧಾನದ ಕ್ಯಾಮೆರಾ ಇದ್ದ ಅಷ್ಟೂ ದಶಕಗಳ ಫೋಟೋಗಳಲ್ಲಿ ಇದೇ ನಡೆದಿದೆ. ಯಾರಿಗೆ ನಿಲ್ಲಲು ಪುರಸೊತ್ತಿತ್ತೋ ಅವರು ಮೂಡಿದರು. ಅಂಗಡಿಯ ಬಾಗಿಲಲ್ಲಿ ನಿಂತ ಮಾಲೀಕ, ಕಾವಲಿನ ಪೊಲೀಸ್, ಗೋಡೆಗೆ ಒರಗಿದ ವೃದ್ಧ, ಬಾಡಿಗೆಗಾಗಿ ಕಾಯುತ್ತಿದ್ದ ಗಾಡಿಯವ. ಹೊರೆ ಹೊತ್ತವಳು, ಕಸ ಗುಡಿಸುವವನು, ಕೂಗಿ ಮಾರುವ ಹುಡುಗ ಅಳಿಸಿ ಹೋದರು. ಆ ಫೋಟೋಗಳನ್ನು ನೋಡಿ "ಆಗಿನ ಕಾಲ ಎಷ್ಟು ಪ್ರಶಾಂತವಾಗಿತ್ತು" ಎನ್ನುವವರನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ದುಡಿಯುವವರನ್ನೆಲ್ಲ ತೆಗೆದುಹಾಕಿದ ಮೇಲೆ ಯಾವ ಊರು ಪ್ರಶಾಂತವಾಗಿರುವುದಿಲ್ಲ?

ಕತ್ತಲೆಕೋಣೆ

ಒಪ್ಪಿದೆ, ಆದರೆ ಅಳಿಸಿಹೋದವರೂ ಗುರುತು ಬಿಟ್ಟಿರುತ್ತಾರೆ. 1851ರಲ್ಲಿ ಆರ್ಚರ್ ಪ್ರಕಟಿಸಿದ ಒದ್ದೆ ಕೊಲೋಡಿಯನ್ ವಿಧಾನದಲ್ಲಿ ಬಿಸಿಲಿದ್ದರೆ ಕೆಲವೇ ಸೆಕೆಂಡು ಸಾಕಾಗುತ್ತಿತ್ತು. ಹಾಗಾಗಿ ನಡೆಯುವವರು ಪೂರ್ತಿ ಮಾಯವಾಗದೆ ಹೊಗೆಯಂತೆ ಉಳಿಯುತ್ತಾರೆ. ದೊಡ್ಡದಾಗಿ ಸ್ಕ್ಯಾನ್ ಮಾಡಿ ರಸ್ತೆಯ ಮೇಲ್ಮೈಯನ್ನು ಪರೀಕ್ಷಿಸಿ. ಮಂಡಿ ಎತ್ತರದ ಬೂದು ಗೆರೆ ಇದ್ದರೆ ಮಗುವೋ ನಾಯಿಯೋ ಹಾದುಹೋಗಿರಬೇಕು. ನಿಂತ ಗಾಡಿಯ ಕುದುರೆಗೆ ಎರಡು ತಲೆ ಕಂಡರೆ ಅದು ನೊಣ ಓಡಿಸಲು ತಲೆ ಕೊಡವಿದೆ ಎಂದರ್ಥ. ಒಂದು ಕ್ಷಣ ನಿಂತು ಮತ್ತೆ ನಡೆದವನ ಬೂಟು ಸ್ಪಷ್ಟವಾಗಿರುತ್ತದೆ, ಅವನ ಎದೆಯ ಮೂಲಕ ಹಿಂದಿನ ಗೋಡೆಯ ಇಟ್ಟಿಗೆ ಕಾಣುತ್ತದೆ.

ಇನ್ನೊಂದು ವಿಷಯ. ಆ ವಿಧಾನದಲ್ಲಿ ಗಾಜಿನ ಪ್ಲೇಟಿಗೆ ರಸಾಯನ ಹಚ್ಚುವುದು, ಫೋಟೋ ತೆಗೆಯುವುದು, ತೊಳೆಯುವುದು ಎಲ್ಲವೂ ಅದು ಒಣಗುವುದರೊಳಗೆ ಮುಗಿಯಬೇಕಿತ್ತು. ಅಂದರೆ ಕತ್ತಲೆಕೋಣೆಯ ಡೇರೆಯೋ ಗಾಡಿಯೋ ಬೀದಿಯಲ್ಲೇ ಬೀಡುಬಿಡುತ್ತಿತ್ತು. ಅದನ್ನು ನೋಡಲು ಜನ ಸೇರುತ್ತಿದ್ದರು. ಚಿತ್ರದಲ್ಲಿ ಸಾಲಾಗಿ ನಿಂತು ನಮ್ಮತ್ತ ನೋಡುವ ಹುಡುಗರ ಗುಂಪು ಆ ಬೀದಿಯ ನಿತ್ಯದ ದೃಶ್ಯ ಅಲ್ಲದೆ ಇರಬಹುದು. ಕ್ಯಾಮೆರಾ ಬಂದದ್ದಕ್ಕೆ ಅವರು ಬಂದಿದ್ದಾರೆ.

ಗಾರೆ_ಸುಣ್ಣ

ಕಟ್ಟಡದವರ ಪರವಾಗಿ ನಾನೂ ಸ್ವಲ್ಪ ಮಾತನಾಡುತ್ತೇನೆ. ಕಟ್ಟಡಗಳನ್ನು ಏಕೆ ತೆಗೆದರು ಎಂದು ಕೇಳಿದರೆ ಬಹಳ ಸಲ ಸಿಗುವ ಉತ್ತರ, ಅವುಗಳನ್ನು ಕೆಡವುವುದಿತ್ತು ಎಂಬುದು. ಪ್ಯಾರಿಸ್ಸಿನಲ್ಲಿ ಆಡಳಿತಾಧಿಕಾರಿ ಓಸ್ಮಾನ್ ಹಳೆಯ ಕೇರಿಗಳನ್ನು ಒಡೆದು ಅಗಲ ರಸ್ತೆಗಳನ್ನು ಮಾಡಿಸುತ್ತಿದ್ದಾಗ, ಹೋಗಲಿರುವ ಬೀದಿಗಳನ್ನು ದಾಖಲಿಸಲು ನಗರಾಡಳಿತವೇ ಶಾರ್ಲ್ ಮಾರ್ವಿಲ್ ಎಂಬ ಛಾಯಾಗ್ರಾಹಕನನ್ನು 1860ರ ದಶಕದಲ್ಲಿ ನೇಮಿಸಿತು. ಗ್ಲಾಸ್ಗೋದಲ್ಲಿ ಕೊಳೆಗೇರಿ ತೆರವಿಗೆಂದು ರಚನೆಯಾದ ಟ್ರಸ್ಟ್ 1868ರಿಂದ 1871ರ ನಡುವೆ ಥಾಮಸ್ ಆನನ್‌ನಿಂದ ಇಕ್ಕಟ್ಟಾದ ಓಣಿಗಳ ಫೋಟೋ ತೆಗೆಸಿತು. ಲಂಡನ್ನಿನಲ್ಲಿ ಆಕ್ಸ್‌ಫರ್ಡ್ ಆರ್ಮ್ಸ್ ಎಂಬ ಹಳೆಯ ವಸತಿಗೃಹಕ್ಕೆ ಗಂಡಾಂತರ ಬಂದಾಗ, 1875ರಲ್ಲಿ, ಹಳೆಯ ಕಟ್ಟಡಗಳ ಫೋಟೋ ತೆಗೆಸಲೆಂದೇ ಒಂದು ಸಂಘ ಹುಟ್ಟಿತು.

ಕೆಡವಿಸುವವರೇ ಹಣ ಕೊಟ್ಟು ತೆಗೆಸಿದ ಫೋಟೋ ಒಂದು ಬಗೆ, ಕಳೆದುಕೊಳ್ಳುವ ನೋವಿನಿಂದ ತೆಗೆಸಿದ ಫೋಟೋ ಇನ್ನೊಂದು ಬಗೆ. ಯಾವುದೇ ಹಳೆಯ ಚಿತ್ರ ಕೈಗೆ ಬಂದರೆ ನಾನು ಮೊದಲು ಕೇಳುವುದು ಇದನ್ನೇ: ದುಡ್ಡು ಕೊಟ್ಟವರು ಯಾರು? ಆನನ್‌ನ ಓಣಿಗಳಲ್ಲಿ ಮೇಲೆ ಅಡ್ಡಕೋಲುಗಳಿಂದ ತೂಗುವ ಬಟ್ಟೆಗಳು ಗಾಳಿಗೆ ಅಲುಗಿ ಬಿಳಿಯ ಮಸುಕಾಗಿವೆ, ಕೆಳಗೆ ಗೋಡೆಗೆ ಆತು ನಿಂತ ಜನ ಇದ್ದಾರೆ. ಅಲ್ಲಿ ಸಂಸಾರಗಳಿದ್ದವು ಎಂಬುದಕ್ಕೆ ಆ ಬಟ್ಟೆಗಳಿಗಿಂತ ಗಟ್ಟಿಯಾದ ಸಾಕ್ಷ್ಯ ಬೇಕಾಗಿಲ್ಲ. ತೆರವುಗೊಳಿಸಲು ಹೊರಟವರ ಕಡತದಲ್ಲೇ ಅದು ಉಳಿದುಬಂದಿದೆ.

ಬೆಳಕಿಂಡಿ

ಗಾರೆ_ಸುಣ್ಣ ಅವರೇ, ಇದು ನನಗೆ ಹೊಳೆದಿರಲಿಲ್ಲ. ಹಣ ಕೊಟ್ಟವರ ಪ್ರಶ್ನೆ ಕೇಳಿದ ಕೂಡಲೇ ಚಿತ್ರದ ಚೌಕಟ್ಟು ಏಕೆ ಅಲ್ಲೇ ನಿಂತಿದೆ ಎಂಬುದು ಅರ್ಥವಾಗುತ್ತಾ ಹೋಗುತ್ತದೆ. ಇಸವಿ ಬರೆಯದ ಚಿತ್ರಗಳ ಕಾಲವನ್ನು ಹೇಗೆ ನಿರ್ಧರಿಸುತ್ತೀರಿ?

ಗಾರೆ_ಸುಣ್ಣ

ಎರಡು ತುದಿಗಳಿಂದ ಹಿಸುಕುತ್ತಾ ಬರಬೇಕು. ಚಿತ್ರದಲ್ಲಿರುವ ಅತಿ ಹೊಸ ವಸ್ತು ಯಾವುದು? ಅದಕ್ಕಿಂತ ಹಿಂದಕ್ಕೆ ಹೋಗಲಾಗದು. ಆಮೇಲೆ ಇಲ್ಲವಾದ ಯಾವ ವಸ್ತು ಇನ್ನೂ ಇದೆ? ಅದಕ್ಕಿಂತ ಮುಂದಕ್ಕೆ ಬರಲಾಗದು. ಟ್ರಾಮ್ ಹಳಿ ಇದ್ದು ಮೇಲೆ ತಂತಿ ಇಲ್ಲದಿದ್ದರೆ ಕುದುರೆ ಎಳೆಯುವ ಟ್ರಾಮ್ ಇರುವ ಸಾಧ್ಯತೆ ಹೆಚ್ಚು. ವಿದ್ಯುತ್ ಟ್ರಾಮ್ ಸಾರ್ವಜನಿಕ ಸೇವೆಗೆ ಮೊದಲು ಓಡಿದ್ದು 1881ರಲ್ಲಿ, ಬರ್ಲಿನ್ ಬಳಿ. ಗೋಡೆಗೆ ಅಂಟಿಸಿದ ಜಾಹೀರಾತು ಓದಲು ಬಂದರೆ ಹಬ್ಬದೂಟ ಸಿಕ್ಕಂತೆ. ನಾಟಕದ ಭಿತ್ತಿಪತ್ರದಲ್ಲಿ ತಾರೀಖೇ ಇರುತ್ತದೆ, ಆ ಕಾಲದ ಪತ್ರಿಕೆಗಳಲ್ಲಿ ಅದನ್ನು ಹುಡುಕಬಹುದು.

ನೆರಳನ್ನು ಮರೆಯಬೇಡಿ. ಬೀದಿ ಯಾವ ದಿಕ್ಕಿಗಿದೆ ಎಂದು ನಕ್ಷೆಯಿಂದ ಗೊತ್ತಾದರೆ ನೆರಳು ಬಿದ್ದ ಕಡೆಯಿಂದ ಹೊತ್ತು ತಿಳಿಯುತ್ತದೆ. ಕಟ್ಟಡದ ಎತ್ತರ ಗೊತ್ತಿದ್ದರೆ ನೆರಳಿನ ಉದ್ದದಿಂದ ಸೂರ್ಯನ ಎತ್ತರ, ಅದರಿಂದ ವರ್ಷದ ಯಾವ ಭಾಗ ಎಂಬುದು. ದಿನದ ಅದೇ ಹೊತ್ತಿನಲ್ಲಿ ಸೂರ್ಯ ಅದೇ ಎತ್ತರಕ್ಕೆ ವರ್ಷದಲ್ಲಿ ಎರಡು ಸಲ ಬರುತ್ತಾನಾದ್ದರಿಂದ ಉತ್ತರವೂ ಎರಡು ಬರುತ್ತದೆ. ಚಳಿಗೆ ಎಲೆ ಉದುರುವ ನಾಡಾದರೆ ಮರಗಳು ತೀರ್ಪು ಹೇಳುತ್ತವೆ.

ಉಡುಪನ್ನು ನೋಡಿ ಕಾಲ ಹೇಳುವವರಿಗೆ ಒಂದು ಮಾತು: ವಯಸ್ಸಾದವರು ತಮ್ಮ ಯೌವನದ ಕಾಲದ ಬಟ್ಟೆಯನ್ನೇ ತೊಡುತ್ತಾರೆ, ಬಡವರು ಇನ್ನೊಬ್ಬರು ಬಿಟ್ಟ ಬಟ್ಟೆಯನ್ನು ತೊಡುತ್ತಾರೆ. ಗುಂಪಿನಲ್ಲಿರುವ ಎಳೆಯ, ಅನುಕೂಲಸ್ಥರ ಉಡುಪನ್ನಷ್ಟೇ ನಂಬಿ.

ಕಡತಪಾಲಕಿ

ಇದಕ್ಕೆ ಫೋಟೋದ ಹಿಂಬದಿಯನ್ನು ಸೇರಿಸಲೇಬೇಕು. ಸ್ಟುಡಿಯೋದ ವಿಳಾಸ ಮುದ್ರಿಸಿದ ರಟ್ಟು ಇದ್ದರೆ, ಆ ಕಾಲದ ವ್ಯಾಪಾರಿ ಡೈರೆಕ್ಟರಿಗಳಲ್ಲಿ ಆ ಸ್ಟುಡಿಯೋ ಆ ವಿಳಾಸದಲ್ಲಿ ಯಾವಾಗ ಇತ್ತು ಎಂದು ನೋಡಬಹುದು. ಸ್ಟುಡಿಯೋಗಳು ಜಾಗ ಬದಲಿಸುತ್ತಿದ್ದದ್ದೇ ನಮಗೆ ಉಪಕಾರ. ಅಂಚೆಕಾರ್ಡಿನ ರೂಪದ ಫೋಟೋ ಆದರೆ ಹಿಂಬದಿಯಲ್ಲಿ ವಿಳಾಸಕ್ಕೂ ಸಂದೇಶಕ್ಕೂ ನಡುವೆ ಗೆರೆ ಇದೆಯೇ ನೋಡಿ. ವಿಳಾಸದ ಪಕ್ಕದಲ್ಲೇ ಸಂದೇಶ ಬರೆಯಲು ಬ್ರಿಟನ್ನಿನಲ್ಲಿ ಅನುಮತಿ ಸಿಕ್ಕಿದ್ದು 1902ರಲ್ಲಿ, ಅಮೆರಿಕದಲ್ಲಿ 1907ರಲ್ಲಿ. ಅಂಚೆ ಮುದ್ರೆಯ ತಾರೀಖು ಕಾರ್ಡು ಕಳುಹಿಸಿದ ದಿನದ್ದು. ಚಿತ್ರ ಅದಕ್ಕಿಂತ ಹತ್ತು ವರ್ಷ ಹಳೆಯದೂ ಇರಬಹುದು.

ಸ್ಕ್ಯಾನ್ ಮಾಡುವಾಗ ಮುಖವನ್ನು ಮಾತ್ರ ಮಾಡಿ, ಅಂಚು ಕತ್ತರಿಸಿ, ರಟ್ಟನ್ನು ಬಿಸಾಡುವವರನ್ನು ಕಂಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಎಷ್ಟೋ ಸಲ ಆ ರಟ್ಟೇ ಆ ವ್ಯಕ್ತಿಯ ಏಕೈಕ ಗುರುತು.

ಹೊಸ_ಸದಸ್ಯ

ನಮಸ್ಕಾರ. ಈಗ ಮೊಬೈಲ್‌ನಲ್ಲೇ ಕಪ್ಪು ಬಿಳುಪಿನ ಫೋಟೋಗೆ ಬಣ್ಣ ಹಾಕಬಹುದಲ್ಲ, ಅದರಿಂದ ಆ ಕಾಲ ಹೇಗಿತ್ತು ಎಂದು ಇನ್ನೂ ಚೆನ್ನಾಗಿ ತಿಳಿಯುವುದಿಲ್ಲವೇ? ಮನೆಯ ಮಕ್ಕಳಂತೂ ಬಣ್ಣ ಬಂದ ಮೇಲೆಯೇ ಆಸಕ್ತಿಯಿಂದ ನೋಡುತ್ತಾರೆ.

ಕತ್ತಲೆಕೋಣೆ

ತಿಳಿಯುವುದಿಲ್ಲ. ಕಾರಣವನ್ನು ವಿವರವಾಗಿ ಹೇಳುತ್ತೇನೆ, ಇದು ಮುಖ್ಯ.

ಕೊಲೋಡಿಯನ್ ಪ್ಲೇಟುಗಳಿಗೆ ನೀಲಿ, ನೇರಳೆ ಬೆಳಕು ಮಾತ್ರ ಕಾಣುತ್ತಿತ್ತು. ಕೆಂಪು, ಹಳದಿ ಹೆಚ್ಚುಕಡಿಮೆ ಕತ್ತಲೆಯೇ. ಎಲ್ಲ ಬಣ್ಣಗಳಿಗೂ ಸ್ಪಂದಿಸುವ ಪ್ಯಾನ್‌ಕ್ರೊಮ್ಯಾಟಿಕ್ ಪ್ಲೇಟುಗಳು ಮಾರುಕಟ್ಟೆಗೆ ಬಂದದ್ದು 1906ರಲ್ಲಿ, ರೂಢಿಗೆ ಬರಲು ಇನ್ನೂ ಸಮಯ ಹಿಡಿಯಿತು. ಆದ್ದರಿಂದ 1870ರ ಫೋಟೋದಲ್ಲಿ ಒಬ್ಬಾಕೆ ಕಪ್ಪು ಬಟ್ಟೆ ತೊಟ್ಟಂತೆ ಕಂಡರೆ ಅದು ಕಡುಗೆಂಪು ಇದ್ದಿರಬಹುದು. ಬಿಳಿಯಂತೆ ಕಂಡ ಬಾಗಿಲು ತಿಳಿನೀಲಿ ಇದ್ದಿರಬಹುದು. ನೀಲಿ ಕಣ್ಣುಗಳು ಬಣ್ಣವೇ ಇಲ್ಲದಂತೆ ಪೇಲವವಾಗಿ ಕಾಣುತ್ತವೆ, ಬಿಸಿಲಿಗೆ ಕೆಂಪಾದ ಚರ್ಮ ಇದ್ದದ್ದಕ್ಕಿಂತ ಕಪ್ಪಾಗಿ ಕಾಣುತ್ತದೆ. ಬಣ್ಣ ಹಾಕುವ ತಂತ್ರಾಂಶ ಇದನ್ನು ಲೆಕ್ಕಕ್ಕೆ ಹಿಡಿಯದೆ, ತಾನು ಕಲಿತ ಅಸಂಖ್ಯ ಚಿತ್ರಗಳ ಆಧಾರದ ಮೇಲೆ ಊಹಿಸುತ್ತದೆ. ಶೋಕದಲ್ಲಿರುವವಳನ್ನು ಮದುವಣಗಿತ್ತಿ ಮಾಡಬಹುದು, ಮದುವಣಗಿತ್ತಿಯನ್ನು ಶೋಕದಲ್ಲಿ ಕೂರಿಸಬಹುದು.

ಆಕಾಶ ಬರಿದಾಗಿ ಬಿಳಿಯಾಗಿರುವುದೂ ಇದೇ ಕಾರಣಕ್ಕೆ. ಅದು ಚೆನ್ನಾಗಿ ಕಾಣುವುದಿಲ್ಲವೆಂದು ಮೋಡಗಳನ್ನು ಬೇರೆ ನೆಗೆಟಿವ್‌ನಿಂದ ತಂದು ಸೇರಿಸುತ್ತಿದ್ದರು. 1856ರಲ್ಲಿ ಮದರಾಸು ಸರ್ಕಾರದ ಛಾಯಾಗ್ರಾಹಕನಾಗಿ ನೇಮಕಗೊಂಡ ಲಿನ್ನಿಯಸ್ ಟ್ರೈಪ್ ಕಾಗದದ ನೆಗೆಟಿವ್‌ನ ಮೇಲೆ ಬಣ್ಣ ಬಳಿದು ಮೋಡಗಳನ್ನು ಬರೆಯುತ್ತಿದ್ದ. ಮಧುರೆಯ ಮೇಲೆ ಅಂದು ಅಂಥ ಮೋಡ ಇತ್ತೆಂದು ಯಾರೂ ಹವಾಮಾನ ಬರೆಯಲು ಹೊರಡಬಾರದು.

ಹೊಸ_ಸದಸ್ಯ

ಹಾಗಾದರೆ ಬಣ್ಣ ಹಾಕುವುದೇ ತಪ್ಪು ಎನ್ನುತ್ತೀರಾ?

ಕಡತಪಾಲಕಿ

ತಪ್ಪು ಎಂದು ನಾನು ಹೇಳುವುದಿಲ್ಲ. ಮಗು ಹತ್ತಿರ ಬಂದು ನೋಡುತ್ತದೆ ಎಂದರೆ ಅದೂ ಬೇಕಾದದ್ದೇ. ಬಣ್ಣದ ಪ್ರತಿಯ ಮೇಲೆಯೇ "ಬಣ್ಣ ಊಹೆಯದ್ದು" ಎಂದು ಬರೆಯಿರಿ, ಮೂಲದ ಜೊತೆಗೇ ಇಡಿ. ಮೂಲದಿಂದ ಬೇರ್ಪಟ್ಟು ಕೈಯಿಂದ ಕೈಗೆ ಹೋಗುವ ಪ್ರತಿಯೇ ಕೊನೆಗೆ ಸತ್ಯವೆಂದು ನಿಲ್ಲುತ್ತದೆ, ನನಗೆ ಭಯ ಅದೊಂದೇ. ನಿಜವಾದ ಹಳೆಯ ಬಣ್ಣ ನೋಡಬೇಕೆಂದಿದ್ದರೆ ಆಲ್ಬರ್ಟ್ ಕಾನ್ ಎಂಬ ಬ್ಯಾಂಕರ್ 1909ರಿಂದ 1931ರವರೆಗೆ ಹಲವು ದೇಶಗಳಲ್ಲಿ ತೆಗೆಸಿದ ಆಟೊಕ್ರೋಮ್‌ಗಳನ್ನು ನೋಡಿ, ಸುಮಾರು 72,000 ಇವೆ. ಆಲೂಗಡ್ಡೆಯ ಪಿಷ್ಟದ ಕಣಗಳಿಗೆ ಬಣ್ಣ ಹಾಕಿ ಗಾಜಿನ ಮೇಲೆ ಹರಡಿದ ತಂತ್ರ ಅದು. ಅಲ್ಲಿ ಕೆಂಪು ಎಂದರೆ ಕೆಂಪೇ.

ಬೀದಿಬದಿ

ಮತ್ತೆ ಜನರ ವಿಷಯಕ್ಕೆ ಬರೋಣ. ಕ್ಯಾಮೆರಾ ವೇಗವಾದ ಮೇಲೆ ಹೆಸರಿಲ್ಲದವರ ಸ್ಥಿತಿ ಸುಧಾರಿಸಿತೇ? ಪತ್ರಕರ್ತ ಜೇಕಬ್ ರೀಸ್ ನ್ಯೂಯಾರ್ಕಿನಲ್ಲಿ 1887ರ ನಂತರ ಮೆಗ್ನೀಸಿಯಂ ಪುಡಿಯ ಫ್ಲಾಶ್ ಹಿಡಿದು ರಾತ್ರಿ ಬಡವರ ಕೋಣೆಗಳಿಗೆ ನುಗ್ಗಿದ. ಉದ್ದೇಶ ಒಳ್ಳೆಯದೇ, ಬಾಡಿಗೆ ಮನೆಗಳ ದುಃಸ್ಥಿತಿಯನ್ನು ಉಳ್ಳವರಿಗೆ ತೋರಿಸುವುದು. ಆದರೆ ನಿದ್ದೆಯಿಂದ ಬೆಚ್ಚಿ ಕಣ್ಣು ಕುಕ್ಕಿಸಿಕೊಂಡ ಆ ಮುಖಗಳನ್ನು ನೋಡಿದಾಗ, ಅವರನ್ನು ಯಾರೂ ಕೇಳಲಿಲ್ಲ ಎಂಬುದೇ ನನಗೆ ಮೊದಲು ಕಾಣುತ್ತದೆ.

ಅದಕ್ಕೆ ವ್ಯತಿರಿಕ್ತ ಲೂಯಿಸ್ ಹೈನ್. 1908ರಿಂದ ಅಮೆರಿಕದ ಕಾರ್ಖಾನೆಗಳಲ್ಲಿ, ಬೀದಿಗಳಲ್ಲಿ ದುಡಿಯುವ ಮಕ್ಕಳ ಫೋಟೋ ತೆಗೆದವನು. ತನ್ನ ಕೋಟಿನ ಗುಂಡಿಗಳು ನೆಲದಿಂದ ಎಷ್ಟೆಷ್ಟು ಎತ್ತರದಲ್ಲಿವೆ ಎಂದು ಅವನಿಗೆ ಗೊತ್ತಿತ್ತು. ಮಗು ಪಕ್ಕದಲ್ಲಿ ನಿಂತರೆ ತಲೆ ಯಾವ ಗುಂಡಿಯವರೆಗೆ ಬರುತ್ತದೆ ಎಂದು ನೋಡಿ ಎತ್ತರ ಅಂದಾಜಿಸುತ್ತಿದ್ದ, ಜೇಬಿನೊಳಗೇ ಕೈಯಿಟ್ಟು ಗುಟ್ಟಾಗಿ ಬರೆದುಕೊಳ್ಳುತ್ತಿದ್ದ. ಹೆಸರು, ವಯಸ್ಸು, ಕೆಲಸ ಸಾಧ್ಯವಾದಲ್ಲೆಲ್ಲ ದಾಖಲಿಸಿದ. ಅವನು ಬರೆದಿಟ್ಟ ಹೆಸರುಗಳ ಜಾಡು ಹಿಡಿದು, ಸುಮಾರು ನೂರು ವರ್ಷದ ನಂತರ, ಆ ಮಕ್ಕಳ ಮೊಮ್ಮಕ್ಕಳನ್ನು ಪತ್ತೆ ಹಚ್ಚಿದ್ದಾರೆ. ತಮ್ಮ ಅಜ್ಜಿ ಎಂಟು ಹತ್ತು ವರ್ಷಕ್ಕೇ ಗಿರಣಿಯಲ್ಲಿ ದುಡಿದಿದ್ದರು ಎಂಬುದು ಕೆಲವು ಮನೆಗಳಲ್ಲಿ ಗೊತ್ತೇ ಇರಲಿಲ್ಲ.

ಒಂದು ಸಾಲು ಬರವಣಿಗೆಯಿಂದ ಆದ ಕೆಲಸ ಇದು. ನನಗೆ ಹೈನ್ ದೊಡ್ಡವನಾಗಿ ಕಾಣುವುದು ಅವನ ಟಿಪ್ಪಣಿ ಪುಸ್ತಕದಿಂದ.

ಗಾರೆ_ಸುಣ್ಣ

ಬೀದಿಬದಿ ಅವರೇ, ನಿಮ್ಮ ಮಾತಿಗೆ ಎದುರಾಗಿ ಅಲ್ಲ, ಜೊತೆಗಿರಲಿ ಎಂದು ಹೇಳುತ್ತೇನೆ. ಯುಜೀನ್ ಆಟ್ಜೆ 1927ರಲ್ಲಿ ತೀರಿಕೊಳ್ಳುವವರೆಗೆ ಸುಮಾರು ಮೂರು ದಶಕ ಹಳೆಯ ಪ್ಯಾರಿಸ್ಸನ್ನು ದಪ್ಪ ಗಾಜಿನ ಪ್ಲೇಟುಗಳಲ್ಲಿ ಹಿಡಿದ. ಬಾಗಿಲ ಚಿಲಕ, ಅಂಗಡಿಯ ಫಲಕ, ಮೆಟ್ಟಿಲ ಪಕ್ಕದ ಕಂಬಿ ಇಂಥವೇ ಹೆಚ್ಚು. ಕಲಾವಿದರಿಗೂ ಗ್ರಂಥಾಲಯಗಳಿಗೂ ದಾಖಲೆಯೆಂದು ಮಾರುತ್ತಿದ್ದ. ಅವನ ಅಂಗಡಿಮುಂಗಟ್ಟಿನ ಚಿತ್ರಗಳಲ್ಲಿ ಬಾಗಿಲ ಗಾಜನ್ನು ದೊಡ್ಡದು ಮಾಡಿ ನೋಡಿ: ಕೆಲವದರಲ್ಲಿ ಒಳಗಿನಿಂದ ಇಣುಕುವ ಮಾಣಿಯ ಮುಖ ಇದೆ, ಅದೇ ಗಾಜಿನಲ್ಲಿ ಎದುರುಗಡೆಯ ಬೀದಿಯೂ ಕ್ಯಾಮೆರಾದ ಕಪ್ಪು ಬಟ್ಟೆಯೂ ಪ್ರತಿಫಲಿಸಿವೆ. ಕಟ್ಟಡದ ಚಿತ್ರವೆಂದು ಬದಿಗಿಟ್ಟರೆ ಆ ಮುಖ ತಪ್ಪಿಹೋಗುತ್ತದೆ.

ಎರಡನೆಯ ಮಹಾಯುದ್ಧದಲ್ಲಿ ನೆಲಸಮವಾದ ವಾರ್ಸಾದ ಹಳೆಯ ಪಟ್ಟಣವನ್ನು ಮತ್ತೆ ಕಟ್ಟಿದ್ದು ಯುದ್ಧಕ್ಕೆ ಮೊದಲಿನ ಅಳತೆಯ ನಕ್ಷೆಗಳು, ಫೋಟೋಗಳು, ಹದಿನೆಂಟನೆಯ ಶತಮಾನದ ಬೆಲೊಟ್ಟೊನ ವರ್ಣಚಿತ್ರಗಳ ನೆರವಿನಿಂದ. ಕಿಟಕಿಯ ಚೌಕಟ್ಟಿನ ಒಣ ಚಿತ್ರವೊಂದು ಮುಂದೆ ಯಾರ ಮನೆಯನ್ನು ನಿಲ್ಲಿಸುತ್ತದೋ ಹೇಳಲಾಗದು.

ಬೀದಿಬದಿ

ಇದನ್ನು ಮನಸಾರೆ ಒಪ್ಪುತ್ತೇನೆ.

ಬೆಳಕಿಂಡಿ

ಹಳೆಯ ಫೋಟೋ ತೆಗೆದ ಅದೇ ಜಾಗದಲ್ಲಿ ನಿಂತು ಈಗಿನ ಚಿತ್ರ ತೆಗೆಯುವವರು ಇಲ್ಲಿದ್ದಾರೆಯೇ? ಎಲ್ಲಿ ನಿಂತರೂ ಏನೋ ಒಂದು ಹೊಂದುವುದಿಲ್ಲ.

ಗಾರೆ_ಸುಣ್ಣ

ಗಾತ್ರ ಹೊಂದಿಸಲು ಹೋಗಬೇಡಿ, ಅಂಚುಗಳನ್ನು ಹೊಂದಿಸಿ. ಹಳೆಯ ಚಿತ್ರದಲ್ಲಿ ಹತ್ತಿರದ ಗೋಡೆಯ ತುದಿ ದೂರದ ಗೋಪುರದ ಯಾವ ಕಿಟಕಿಯನ್ನು ಮುಟ್ಟುತ್ತದೆ ನೋಡಿ. ನಕ್ಷೆಯಲ್ಲಿ ಆ ಎರಡು ಬಿಂದುಗಳ ನಡುವೆ ಗೆರೆ ಎಳೆದು ನಿಮ್ಮ ಕಡೆಗೆ ಮುಂದುವರಿಸಿ. ಇಂಥದೇ ಇನ್ನೊಂದು ಜೋಡಿ ಹುಡುಕಿ ಎರಡನೆಯ ಗೆರೆ ಎಳೆಯಿರಿ. ಎರಡೂ ಕೂಡುವಲ್ಲಿ ಅವನ ಟ್ರೈಪಾಡ್ ಇತ್ತು. ಎತ್ತರವನ್ನೂ ಹೀಗೇ ಕಂಡುಹಿಡಿಯಬಹುದು. ಎಷ್ಟೋ ಸಲ ಅವರು ಮೊದಲ ಮಹಡಿಯ ಕಿಟಕಿಯಿಂದ ತೆಗೆದಿರುತ್ತಾರೆ. ಹಳೆಯ ಕ್ಯಾಮೆರಾದಲ್ಲಿ ಲೆನ್ಸನ್ನೇ ಮೇಲೆ ಸರಿಸಬಹುದಿತ್ತಾದ್ದರಿಂದ ಗೋಡೆಗಳು ನೆಟ್ಟಗಿವೆ. ಮೊಬೈಲನ್ನು ಮೇಲಕ್ಕೆ ಓರೆ ಮಾಡಿದರೆ ಗೋಡೆಗಳು ಒಂದಕ್ಕೊಂದು ವಾಲುತ್ತವೆ. ನೇರವಾಗಿ ಹಿಡಿದು, ಅಗಲವಾಗಿ ತೆಗೆದು, ಆಮೇಲೆ ಕತ್ತರಿಸಿಕೊಳ್ಳಿ.

ಕತ್ತಲೆಕೋಣೆ

ಅದಕ್ಕೂ ಮೊದಲು ಚಿತ್ರ ಎಡಬಲ ತಿರುಗಿಲ್ಲ ಎಂದು ಖಚಿತಪಡಿಸಿಕೊಳ್ಳಿ. ದಾಗೆರೊಟೈಪ್‌ಗಳು, ಅಂದರೆ ದಾಗೆರ್ ವಿಧಾನದಲ್ಲಿ ಲೋಹದ ತಟ್ಟೆಯ ಮೇಲೆ ತೆಗೆದ ಚಿತ್ರಗಳು, ಸಾಮಾನ್ಯವಾಗಿ ಕನ್ನಡಿಯ ಬಿಂಬದಂತೆಯೇ ಮೂಡುತ್ತಿದ್ದವು. ಗಾಜಿನ ನೆಗೆಟಿವನ್ನು ಮಗುಚಿ ಪ್ರಿಂಟ್ ಹಾಕಿದರೂ ಅದೇ ಗತಿ. ಫಲಕದ ಅಕ್ಷರ, ಗಡಿಯಾರದ ಮುಖ, ಗಂಡಸರ ಕೋಟಿನ ಗುಂಡಿ ಯಾವ ಕಡೆ ಎಂಬುದನ್ನು ನೋಡಿದರೆ ತಿಳಿಯುತ್ತದೆ.

ಹೊಸ_ಸದಸ್ಯ

ಈ ಚರ್ಚೆ ಓದಿದ ಮೇಲೆ ನಮ್ಮ ಮನೆಯ ಪೆಟ್ಟಿಗೆಯನ್ನು ತೆರೆದೆ. ಪ್ರಿಂಟುಗಳ ಜೊತೆ ಕೆಲವು ಗಾಜಿನ ನೆಗೆಟಿವ್‌ಗಳು, ಸುರುಳಿ ಸುತ್ತಿದ ಫಿಲ್ಮ್ ಇದೆ. ಫಿಲ್ಮ್‌ನಿಂದ ವಿನೆಗರ್‌ನಂಥ ವಾಸನೆ ಬರುತ್ತಿದೆ. ಗುಂಪಿನ ಫೋಟೋಗಳಲ್ಲಿ ಯಾರು ಯಾರೆಂದು ಮನೆಯ ಹಿರಿಯರಿಗೆ ಸ್ವಲ್ಪ ಸ್ವಲ್ಪ ನೆನಪಿದೆ. ಎಲ್ಲಿಂದ ಶುರು ಮಾಡಲಿ?

ಕಡತಪಾಲಕಿ

ವಾಸನೆ ಬರುವ ಫಿಲ್ಮನ್ನು ಇವತ್ತೇ ಬೇರೆ ಡಬ್ಬಿಗೆ ಹಾಕಿ, ಗಾಳಿಯಾಡುವ ತಂಪು ಜಾಗದಲ್ಲಿಡಿ. ಅದು ಅಸಿಟೇಟ್ ಎಂಬ ಫಿಲ್ಮಿನ ಪ್ಲಾಸ್ಟಿಕ್ ಕೊಳೆಯುತ್ತಿರುವ ಲಕ್ಷಣ, ಪಕ್ಕದ ಫಿಲ್ಮ್‌ಗಳಿಗೂ ಹರಡುತ್ತದೆ. ಫಿಲ್ಮ್‌ನ ಅಂಚಿನಲ್ಲಿ ನೈಟ್ರೇಟ್ ಎಂದಿದ್ದರೆ ಬೆಂಕಿಯ ಹತ್ತಿರಕ್ಕೂ ಒಯ್ಯಬೇಡಿ, ಮನೆಯಲ್ಲಿ ಇಟ್ಟುಕೊಳ್ಳದೆ ಪತ್ರಾಗಾರದವರನ್ನು ಸಂಪರ್ಕಿಸಿ. ಗಾಜಿನ ಪ್ಲೇಟುಗಳನ್ನು ಒಂದರ ಮೇಲೊಂದು ಪೇರಿಸಬೇಡಿ. ಒಂದೊಂದನ್ನೂ ಕಾಗದದ ಲಕೋಟೆಯಲ್ಲಿ ಹಾಕಿ, ಉದ್ದದ ಅಂಚಿನ ಮೇಲೆ ನೆಟ್ಟಗೆ ನಿಲ್ಲಿಸಿ. ಅಂಟುಪಟ್ಟಿ ಬೇಡವೇ ಬೇಡ. ಹಿಂಬದಿಯಲ್ಲಿ ಬರೆಯುವುದಾದರೆ ಮೆತ್ತನೆಯ ಪೆನ್ಸಿಲ್‌ನಿಂದ, ಅಂಚಿನಲ್ಲಿ, ಒತ್ತದೆ.

ಆದರೆ ಇವೆಲ್ಲಕ್ಕಿಂತ ಅವಸರದ್ದು ಹಿರಿಯರ ನೆನಪು. ಸ್ಕ್ಯಾನಿಂಗ್ ಕಾಯಲಿ. ಗುಂಪಿನ ಫೋಟೋಗಳನ್ನು ಮೊಬೈಲ್‌ನಲ್ಲಿ ತೆಗೆದು ದೊಡ್ಡದಾಗಿ ಪ್ರಿಂಟ್ ಹಾಕಿಸಿ. ಅದರ ಮೇಲೆ ತೆಳು ಕಾಗದ ಹಾಸಿ ತಲೆಗಳ ಹೊರಗೆರೆ ಎಳೆದು, ಒಂದೊಂದಕ್ಕೂ ಸಂಖ್ಯೆ ಕೊಡಿ. ಆ ಹಾಳೆಯನ್ನು ಹಿರಿಯರ ಮುಂದಿಟ್ಟು ಕೇಳುತ್ತಾ ಬನ್ನಿ. "ಎಡದಿಂದ ಮೂರನೆಯವರು" ಎಂಬ ಗುರುತು ಚಿತ್ರ ತಿರುಗಿದರೆ, ಅಂಚು ಕತ್ತರಿಸಿದರೆ ಕೆಡುತ್ತದೆ. ಸಂಖ್ಯೆಯ ಹೊರಗೆರೆ ಕೆಡುವುದಿಲ್ಲ.

ಹೆಸರು ಹೇಳಿದವರು ಯಾರು, ಯಾವತ್ತು ಹೇಳಿದರು ಎಂಬುದನ್ನೂ ಬರೆಯಿರಿ. ಅಜ್ಜಿ ಒಂದು ಹೆಸರು ಹೇಳಿ, ಚಿಕ್ಕಪ್ಪ ಇನ್ನೊಂದು ಹೇಳಿದರೆ ಎರಡನ್ನೂ ಇಡಿ. ಮನೆಯ ಆಳುಮಕ್ಕಳು, ಗಾಡಿ ಹೊಡೆಯುವವರು, ಅಂಚಿನಲ್ಲಿ ಅರ್ಧ ಕಾಣುವವರು ಇದ್ದರೆ ಅವರಿಗೂ ಸಂಖ್ಯೆ ಕೊಟ್ಟು ಕೇಳಿ. ಅವರ ಬಗ್ಗೆ ಕೇಳುವುದನ್ನೇ ಎಲ್ಲರೂ ಮರೆಯುತ್ತಾರೆ.

ಹೊಸ_ಸದಸ್ಯ

ಒಂದು ಫೋಟೋದಲ್ಲಿ ಬಾಗಿಲ ಹಿಂದೆ ಇಣುಕುತ್ತಿರುವ ಹೆಂಗಸೊಬ್ಬರಿದ್ದಾರೆ. ಅವರಿಗೆ ಹನ್ನೊಂದನೆಯ ಸಂಖ್ಯೆ ಕೊಟ್ಟಿದ್ದೇನೆ. ಅಜ್ಜಿ ಮಧ್ಯಾಹ್ನದ ನಿದ್ದೆ ಮುಗಿಸಿ ಎದ್ದ ಮೇಲೆ ಮೊದಲು ಅವರ ಬಗ್ಗೆಯೇ ಕೇಳುತ್ತೇನೆ.

ಬೀದಿಬದಿ

ಕೇಳಿ, ಇಲ್ಲಿ ತಿಳಿಸಿ. ಹೆಸರು ನೆನಪಾಗದಿದ್ದರೆ ಅವರು ಯಾವ ಕೆಲಸ ಮಾಡುತ್ತಿದ್ದರು, ಅವರನ್ನು ಮನೆಯಲ್ಲಿ ಏನೆಂದು ಕರೆಯುತ್ತಿದ್ದರು ಎಂದಾದರೂ ಕೇಳಿ. ಎಷ್ಟೋ ಸಲ ಅದರ ಹಿಂದೆಯೇ ಹೆಸರೂ ಬರುತ್ತದೆ.